ಥಾಮಸ್ ಹೆನ್ರಿ ಹಕ್ಸ್‌ಲಿ

ಥಾಮಸ್ ಹೆನ್ರಿ ಹಕ್ಸ್‌ಲಿ (೪ ಮೇ ೧೮೨೫ – ೨೯ ಜೂನ್ ೧೮೯೫) ಇಂಗ್ಲೆಂಡಿನ ಪ್ರಸಿದ್ಧ ಜೀವವಿಜ್ಞಾನಿ ಹಾಗೂ ಅಂಗರಚನಾ ಶಾಸ್ತ್ರಜ್ಞ. ಚಾರ್ಲ್ಸ್ ಡಾರ್ವಿನ್ನನ ವಿಕಾಸವಾದದ ಪರವಾಗಿ ನಿರ್ಭೀತಿಯಿಂದ ವಾದಿಸಿದ್ದರಿಂದ ಈತನಿಗೆ ಡಾರ್ವಿನ್ನನ ಬುಲ್‌ಡಾಗ್ ಎಂಬ ಅಡ್ಡಹೆಸರು ಅಂಟಿಕೊಂಡಿತು. ಆ ಹೆಸರಿನ ನೆರಳಿನಲ್ಲಿ ಈತನ ಸ್ವಂತ ಸಂಶೋಧನೆಗಳು ಮರೆಯಾಗಿರುವುದುಂಟು. ಅವುಗಳಲ್ಲಿ ಮುಖ್ಯವಾದುದು ಪಕ್ಷಿಗಳಿಗೂ ಸರೀಸೃಪಗಳಿಗೂ, ಅದರಲ್ಲೂ ಡೈನೊಸಾರ್‌ಗಳಿಗೂ, ಇರುವ ನಿಕಟ ಸಂಬಂಧವನ್ನು ಮೂಳೆಗಳ ಆಧಾರದಿಂದ ತೋರಿಸಿಕೊಟ್ಟದ್ದು.

ಬಾಲ್ಯ ಮತ್ತು ಶಿಕ್ಷಣ

ಹಕ್ಸ್‌ಲಿ ಜನಿಸಿದ್ದು ಲಂಡನ್ ಸಮೀಪದ ಈಲಿಂಗ್ ಎಂಬಲ್ಲಿ. ಅದು ಆಗಿನ್ನೂ ಒಂದು ಹಳ್ಳಿ. ತಂದೆ ಅಲ್ಲಿನ ಶಾಲೆಯಲ್ಲಿ ಗಣಿತದ ಉಪಾಧ್ಯಾಯ. ಕುಟುಂಬ ಕಷ್ಟಕ್ಕೆ ಸಿಲುಕಿದ್ದರಿಂದ ಬಾಲಕನಿಗೆ ದೊರೆತ ಶಾಲಾ ಶಿಕ್ಷಣ ಸುಮಾರು ಎರಡು ವರ್ಷಗಳದ್ದು ಮಾತ್ರ. ಹತ್ತನೆಯ ವಯಸ್ಸಿಗೆ ಅದೂ ನಿಂತಿತು. ಉಳಿದುದೆಲ್ಲ ಸ್ವಾಧ್ಯಾಯ. ಜರ್ಮನ್ ಭಾಷೆಯನ್ನು ಈತ ತಾನೇ ಕಲಿತ. ಮುಂದೆ ಜರ್ಮನ್ ವಿಜ್ಞಾನಿಗಳ ಬರಹಗಳನ್ನು ಮೂಲದಲ್ಲೇ ಓದಲು ಇದು ನೆರವಾಯಿತು.

ವೈದ್ಯರ ಬಳಿ ಕೆಲಕಾಲ ಅಭ್ಯಾಸಿಯಾಗಿದ್ದು, ೧೮೪೨ರಲ್ಲಿ ವಿದ್ಯಾರ್ಥಿವೇತನ ಪಡೆದು ಲಂಡನ್ನಿನ ಚೇರಿಂಗ್ ಕ್ರಾಸ್ ಆಸ್ಪತ್ರೆಯನ್ನು ಸೇರಿದ. ಕೂದಲಿನ ಬುಡವನ್ನು ಸುತ್ತುವರಿದ ಒಳಕವಚದಲ್ಲಿ ಅದುವರೆಗೆ ಯಾರೂ ಗುರುತಿಸದಿದ್ದ ಒಂದು ಪದರವನ್ನು ೧೮೪೫ರಲ್ಲಿ ವರ್ಣಿಸಿದಾಗ ಈತನಿಗೆ ಇಪ್ಪತ್ತು ವರ್ಷ. ಅದನ್ನು ಈಗಲೂ ಹಕ್ಸ್‌ಲಿ ಪದರವೆಂದೇ ಕರೆಯುತ್ತಾರೆ.

ರ್‍ಯಾಟಲ್‌ಸ್ನೇಕ್ ನೌಕೆಯಲ್ಲಿ

೧೮೪೬ರಿಂದ ೧೮೫೦ರವರೆಗೆ ರ್‍ಯಾಟಲ್‌ಸ್ನೇಕ್ ಎಂಬ ನೌಕೆಯಲ್ಲಿ ಸಹಾಯಕ ಶಸ್ತ್ರವೈದ್ಯನಾಗಿ ಆಸ್ಟ್ರೇಲಿಯ ಮತ್ತು ನ್ಯೂಗಿನಿ ಕಡಲುಗಳಲ್ಲಿ ಸಂಚರಿಸಿದ. ಲೋಳೆಮೀನು ಮತ್ತು ಅದರ ಬಂಧುಗಳ ದೇಹ ಎರಡು ಪೊರೆಗಳಿಂದಾದುದೆಂದು ತೋರಿಸಿದ ಈತನ ಪ್ರಬಂಧ ಈತನಿಗಿಂತ ಮೊದಲೇ ಲಂಡನ್ನಿನಲ್ಲಿ ಹೆಸರು ಮಾಡಿತು. ೧೮೫೧ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವವೂ ಮರುವರ್ಷ ಅದರ ರಾಯಲ್ ಪದಕವೂ ದೊರೆತವು. ಆದರೆ ಹೊಟ್ಟೆಪಾಡಿಗೆ ಕೆಲಸ ಸಿಗಲಿಲ್ಲ. ಸಿಡ್ನಿಯಲ್ಲಿ ಪರಿಚಯವಾಗಿದ್ದ ಹೆನ್ರಿಯೆಟಾ ಹೀಥಾರ್ನ್‌ಳನ್ನು ವಿವಾಹವಾಗಲು ೧೮೫೫ರವರೆಗೆ ಕಾಯಬೇಕಾಯಿತು.

ಪಳೆಯುಳಿಕೆಗಳತ್ತ

೧೮೫೪ರಲ್ಲಿ ಲಂಡನ್ನಿನ ಗಣಿಶಾಲೆಯಲ್ಲಿ ಪ್ರಾಧ್ಯಾಪಕನಾಗಿ ನೇಮಕಗೊಂಡ ಹಕ್ಸ್‌ಲಿ ಸರ್ಕಾರಿ ಭೂವೈಜ್ಞಾನಿಕ ಸರ್ವೇಕ್ಷಣೆಯ ಪಳೆಯುಳಿಕೆಗಳನ್ನೂ ನೋಡಿಕೊಳ್ಳಬೇಕಾಗಿತ್ತು. ಈತನಿಗೆ ಅವುಗಳಲ್ಲಿ ಆಸಕ್ತಿಯೇ ಇರಲಿಲ್ಲ. ಶರೀರಕ್ರಿಯಾ ಶಾಸ್ತ್ರದ ಹುದ್ದೆ ಸಿಕ್ಕೊಡನೆ ಈ ಕೆಲಸ ಬಿಡುವುದಾಗಿ ಮೊದಲೇ ತಿಳಿಸಿದ್ದ. ಆದರೆ ಈತ ಆ ಹುದ್ದೆಯಲ್ಲಿ ಮೂರು ದಶಕ ಉಳಿದ. ಈತನ ಹೆಸರನ್ನು ಉಳಿಸಿದ ಸಂಶೋಧನೆಯ ಬಹುಭಾಗ ಒಲ್ಲದ ಮನಸ್ಸಿನಿಂದ ಕೈಗೆತ್ತಿಕೊಂಡ ಈ ಕಲ್ಲುಗಳಿಂದಲೇ ಬಂದಿತು.

ಸ್ಕಾಟ್ಲೆಂಡಿನ ಎಲ್ಗಿನ್ ಪ್ರದೇಶದ ಮರಳುಗಲ್ಲಿನಲ್ಲಿ ಸಿಕ್ಕ ಸ್ಟಾಗನೊಲೆಪಿಸ್ ಎಂಬ ಪ್ರಾಣಿಯನ್ನು ಅದರ ಹುರುಪೆಗಳನ್ನಷ್ಟೇ ನೋಡಿ ಲೂಯಿ ಅಗಾಸಿ ಮೀನೆಂದು ಭಾವಿಸಿದ್ದ. ಅದು ಮೊಸಳೆಯನ್ನು ಹೋಲುವ ಸರೀಸೃಪವೆಂದು ಹಕ್ಸ್‌ಲಿ ತೋರಿಸಿದ. ೧೮೭೫ರಲ್ಲಿ ಮತ್ತೆ ಇದೇ ಪ್ರಾಣಿಗೆ ಮರಳಿ, ಮೊಸಳೆಗಳ ವಂಶದಲ್ಲಿ ಮೂಗಿನ ಒಳದ್ವಾರ ಕಾಲಕ್ರಮದಲ್ಲಿ ಅಂಗುಳಿನ ಹಿಂದುಹಿಂದಕ್ಕೆ ಸರಿದ ಬಗೆಯನ್ನು ವಿವರಿಸಿದ. ಬಂಗಾಳದ ರಾಣಿಗಂಜ್ ಬಳಿಯ ಪಂಚೇತ್ ಶಿಲೆಗಳಲ್ಲಿ ದೊರೆತ ಕಶೇರುಕಗಳ ಅವಶೇಷಗಳನ್ನು ಪರಿಶೀಲಿಸಿ ೧೮೬೫ರಲ್ಲಿ ವರದಿ ಪ್ರಕಟಿಸಿದವನೂ ಈತನೇ.

ಪಕ್ಷಿ ಮತ್ತು ಸರೀಸೃಪ

ಬಿಸಿರಕ್ತದ, ಗರಿ ಹೊದ್ದ, ಹಾರಬಲ್ಲ ಪಕ್ಷಿಗೂ ನೆಲದಲ್ಲಿ ಹರಿದಾಡುವ ಹಲ್ಲಿಗೂ ನಡುವೆ ಇರುವ ಅಂತರವನ್ನು ವಿಕಾಸವಾದದ ವಿರೋಧಿಗಳು ತಮ್ಮ ಬಲವೆಂದು ಬಗೆದಿದ್ದರು. ಜೀವಿಗಳು ಒಂದರಿಂದೊಂದು ಹುಟ್ಟಿದವಾದರೆ ನಡುವಣ ರೂಪಗಳೆಲ್ಲಿ ಎಂಬುದು ಅವರ ಪ್ರಶ್ನೆ. ಹಕ್ಸ್‌ಲಿ ಮೊದಲು ಆ ಅಂತರವೇ ಅಷ್ಟು ದೊಡ್ಡದಲ್ಲವೆಂದು ತೋರಿಸಿದ. ಹಕ್ಕಿಯಲ್ಲೂ ಸರೀಸೃಪದಲ್ಲೂ ತಲೆಬುರುಡೆ ಬೆನ್ನೆಲುಬಿಗೆ ಕೂಡುವ ಗುಬುಟು ಒಂದೇ, ಸಸ್ತನಿಗಳಲ್ಲಿ ಎರಡು. ಎರಡರಲ್ಲೂ ಕೆಳದವಡೆ ಹಲವು ಮೂಳೆಗಳಿಂದಾಗಿದ್ದು, ತಲೆಬುರುಡೆಗೆ ನೇರವಾಗಿ ಸೇರದೆ ಕ್ವಾಡ್ರೇಟ್ ಎಂಬ ಬೇರೊಂದು ಮೂಳೆಯ ಮೂಲಕ ಸೇರುತ್ತದೆ. ಎರಡರ ಕೆಂಪು ರಕ್ತಕಣಗಳಲ್ಲೂ ಕೋಶಕೇಂದ್ರವುಂಟು. ಸಸ್ತನಿಗಳ ಬಲಿತ ರಕ್ತಕಣಗಳಲ್ಲಿ ಅದಿಲ್ಲ. ಇಂಥ ಲಕ್ಷಣಗಳನ್ನು ಆಧರಿಸಿ ೧೮೬೦ರ ದಶಕದಲ್ಲಿ ಇವೆರಡನ್ನೂ ಒಂದೇ ಗುಂಪಿಗೆ ಸೇರಿಸಿ, ಅದಕ್ಕೆ ಸಾರಾಪ್ಸಿಡ ಎಂದು ಹೆಸರಿಟ್ಟ. ಆ ಹೆಸರು ಇಂದಿಗೂ ಬಳಕೆಯಲ್ಲಿದೆ. ೧೮೬೭ರಲ್ಲಿ ಪಕ್ಷಿಗಳನ್ನು ಅವುಗಳ ಅಂಗುಳಿನ ಮೂಳೆಗಳ ರಚನೆಯಂತೆ ವರ್ಗೀಕರಿಸಿದ.

ಅದೇ ವರ್ಷ ಆಕ್ಸ್‌ಫರ್ಡ್ ವಸ್ತುಸಂಗ್ರಹಾಲಯದಲ್ಲಿ ಜಾನ್ ಫಿಲಿಪ್ಸ್‌ನೊಡನೆ ಮೆಗಲೊಸಾರಸ್ ಎಂಬ ಡೈನೊಸಾರಿನ ಮೂಳೆಗಳನ್ನು ನೋಡುತ್ತಿದ್ದಾಗ ಅದರ ಸೊಂಟದ ಮೂಳೆ ಹಕ್ಕಿಯದನ್ನು ಹೋಲುವುದು ಈತನ ಗಮನಕ್ಕೆ ಬಂತು. (ಹಬ್ಬದ ಊಟದಲ್ಲಿ ಟರ್ಕಿ ಕೋಳಿಯ ಕಾಲನ್ನು ಕತ್ತರಿಸುವಾಗ ಈ ಯೋಚನೆ ಹೊಳೆಯಿತೆಂಬುದು ಕಟ್ಟುಕತೆ.) ೧೮೬೮ರ ಉಪನ್ಯಾಸದಲ್ಲಿ ಎರಡು ಕಡೆಯಿಂದಲೂ ಸಾಕ್ಷ್ಯ ತಂದ. ಪಕ್ಷಿಗಳ ಕಡೆಯಿಂದ ಆರ್ಕಿಯಾಪ್ಟೆರಿಕ್ಸ್: ಗರಿಗಳಿದ್ದರೂ ಹಲ್ಲಿಯಂತೆ ಉದ್ದನೆಯ ಎಲುಬಿನ ಬಾಲ, ಬಿಡಿಬಿಡಿಯಾದ ಕೈಬೆರಳುಗಳು. ಸರೀಸೃಪಗಳ ಕಡೆಯಿಂದ ಕಾಂಪ್ಸೊಗ್ನಾಥಸ್: ಗಾತ್ರದಲ್ಲಿ ಚಿಕ್ಕದು, ಉದ್ದ ಕತ್ತು, ಹಕ್ಕಿಯಂತೆ ಹಿಂಗಾಲುಗಳ ಮೇಲೆ ನಡೆಯುತ್ತಿದ್ದ ಡೈನೊಸಾರ್. ಎರಡೂ ಸಿಕ್ಕಿದ್ದು ಜರ್ಮನಿಯ ಬವೇರಿಯದ ಸುಣ್ಣಕಲ್ಲಿನಲ್ಲಿ.

ಲಂಡನ್ನಿನ ಆರ್ಕಿಯಾಪ್ಟೆರಿಕ್ಸನ್ನು ೧೮೬೩ರಲ್ಲಿ ವರ್ಣಿಸಿದ್ದವನು ರಿಚರ್ಡ್ ಓವನ್. ಡೈನೊಸಾರ್ ಎಂಬ ಪದವನ್ನು ಟಂಕಿಸಿದ ಈತ ಆ ಕಾಲದ ಬಹು ಪ್ರಭಾವಿ ಅಂಗರಚನಾ ಶಾಸ್ತ್ರಜ್ಞ. ಹಕ್ಸ್‌ಲಿಯ ಬದ್ಧ ಎದುರಾಳಿ. ಅವನು ಆ ಪಳೆಯುಳಿಕೆಯ ಎಡಗಾಲನ್ನು ಬಲಗಾಲೆಂದು ತಪ್ಪಾಗಿ ಗ್ರಹಿಸಿದ್ದನ್ನು ಹಕ್ಸ್‌ಲಿ ಎತ್ತಿ ತೋರಿಸಿದ. ತಿದ್ದುಪಡಿ ಸರಿಯಾದುದೇ, ಆದರೆ ಅದರಲ್ಲಿ ಹಳೆಯ ಹಗೆಯ ಪಾಲೂ ಇದ್ದಿತೆನ್ನಬೇಕು.

೧೮೭೦ರ ಪ್ರಬಂಧದಲ್ಲಿ ವಾದ ಇನ್ನಷ್ಟು ಬಲವಾಯಿತು. ಈತನೇ ಹೆಸರಿಸಿದ ಹಿಪ್ಸಿಲೊಫೊಡಾನ್ ಎಂಬ ಡೈನೊಸಾರಿನಲ್ಲಿ ಸೊಂಟದ ಪ್ಯೂಬಿಸ್ ಮೂಳೆ ಹಕ್ಕಿಯಲ್ಲಿರುವಂತೆ ಹಿಂದಕ್ಕೆ ಬಾಗಿದೆ. ಬಲಿತ ಕೋಳಿಯಲ್ಲಿ ಕಣಕಾಲಿನ ಮೇಲ್ಮೂಳೆ ಮೊಳಕಾಲಿನ ಕೆಳಗಿನ ಮೂಳೆಯೊಡನೆ ಬೆಸೆದುಹೋಗಿರುತ್ತದೆ. ಮೊಟ್ಟೆಯೊಳಗಿನ ಮರಿಯಲ್ಲಿ ಅದಿನ್ನೂ ಬೇರೆಯಾಗಿರುತ್ತದೆ, ಡೈನೊಸಾರಿನಲ್ಲಿರುವಂತೆ. ಅರೆಬಲಿತ ಕೋಳಿಮರಿಯ ಹಿಂಭಾಗವನ್ನು ಹಿಗ್ಗಿಸಿ ಕಲ್ಲಾಗಿಸಿದರೆ ಅದನ್ನು ಡೈನೊಸಾರಿನದಲ್ಲವೆನ್ನಲು ಕಾರಣವೇ ಇರದೆಂಬುದು ಈತನ ಅಭಿಪ್ರಾಯ.

ಹಕ್ಸ್‌ಲಿ ಹೇಳದೇ ಇದ್ದುದನ್ನೂ ಇಲ್ಲಿ ಗಮನಿಸಬೇಕು. ಆರ್ಕಿಯಾಪ್ಟೆರಿಕ್ಸ್ ಆಗಲಿ ಕಾಂಪ್ಸೊಗ್ನಾಥಸ್ ಆಗಲಿ ಇಂದಿನ ಪಕ್ಷಿಗಳ ನೇರ ಪೂರ್ವಜರೆಂದು ಈತ ಸಾಧಿಸಲಿಲ್ಲ. ಅವು ಒಂದೇ ಕಾಲದವು. ಅಲ್ಲದೆ ಪಕ್ಷಿಗಳ ಮೂಲ ಅವಕ್ಕಿಂತ ಬಹಳ ಹಿಂದಿನದೆಂದು ಈತ ನಂಬಿದ್ದ. ಮಾರ್ಪಾಟು ಯಾವ ಬಗೆಯಲ್ಲಿ ನಡೆದಿರಬಹುದೆಂಬುದಕ್ಕೆ ಮಾತ್ರ ಅವು ನಿದರ್ಶನ. ಪಠ್ಯಗಳಲ್ಲಿ ಈ ವ್ಯತ್ಯಾಸ ಎಷ್ಟೋ ವೇಳೆ ಅಳಿಸಿಹೋಗಿದೆ.

೧೮೭೬ರಲ್ಲಿ ಅಮೆರಿಕಕ್ಕೆ ಹೋದಾಗ ಯೇಲ್‌ನಲ್ಲಿ ಒ. ಸಿ. ಮಾರ್ಷ್‌ನ ಸಂಗ್ರಹವನ್ನು ನೋಡಿದ. ಕುದುರೆಯ ವಿಕಾಸದ ಸಾಲು ಸಾಲು ಪಳೆಯುಳಿಕೆಗಳೊಂದಿಗೆ ಹಲ್ಲುಳ್ಳ ಪ್ರಾಚೀನ ಪಕ್ಷಿಗಳೂ ಅಲ್ಲಿದ್ದವು. ಅವೆಲ್ಲ ಈತನ ನ್ಯೂಯಾರ್ಕ್ ಉಪನ್ಯಾಸಗಳಿಗೆ ವಸ್ತುವಾದವು.

ಸಾರ್ವಜನಿಕ ಜೀವನ

೧೮೬೦ರ ಜೂನ್ ೩೦ರಂದು ಆಕ್ಸ್‌ಫರ್ಡಿನಲ್ಲಿ ಬಿಷಪ್ ವಿಲ್ಬರ್‌ಫೋರ್ಸ್‌ನೊಡನೆ ನಡೆದ ವಾಗ್ವಾದ ಪ್ರಖ್ಯಾತವಾದುದು. ಅಲ್ಲಿ ಆಡಿದ ಮಾತುಗಳ ಯಥಾವತ್ ದಾಖಲೆ ಇಲ್ಲ. ಪ್ರಚಲಿತ ಕತೆ ಬಹುಮಟ್ಟಿಗೆ ನಂತರದ ನೆನಪುಗಳಿಂದ ಕಟ್ಟಿದ್ದು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹಿರಿಯ ಮಗ ನೋಯೆಲ್ ಕೆಂಪುಜ್ವರಕ್ಕೆ ಬಲಿಯಾದ. ಮನುಷ್ಯನಿಗೂ ವಾನರಗಳಿಗೂ ಇರುವ ಸಂಬಂಧ ಕುರಿತ ಗ್ರಂಥ ೧೮೬೩ರಲ್ಲಿ ಹೊರಬಂತು. ದೇವರ ಅಸ್ತಿತ್ವದ ಬಗ್ಗೆ ತಿಳಿಯಲಾಗದೆಂಬ ನಿಲುವಿಗೆ ಅಜ್ಞೇಯತಾವಾದ ಎಂಬರ್ಥದ ಇಂಗ್ಲಿಷ್ ಪದವನ್ನು ೧೮೬೯ರಲ್ಲಿ ಸೃಷ್ಟಿಸಿದವನು ಈತ. ಲಂಡನ್ ಶಾಲಾ ಮಂಡಳಿಯ ಸದಸ್ಯನಾಗಿ, ೧೮೮೩ರಿಂದ ೧೮೮೫ರವರೆಗೆ ರಾಯಲ್ ಸೊಸೈಟಿಯ ಅಧ್ಯಕ್ಷನಾಗಿ ಸೇವೆ ಸಲ್ಲಿಸಿ, ಅನಾರೋಗ್ಯದಿಂದ ನಿವೃತ್ತನಾದ. ೧೮೯೫ರಲ್ಲಿ ಈಸ್ಟ್‌ಬರ್ನ್‌ನಲ್ಲಿ ನಿಧನನಾದ. ಜೀವವಿಜ್ಞಾನಿ ಜೂಲಿಯನ್, ಕಾದಂಬರಿಕಾರ ಆಲ್ಡಸ್ ಮತ್ತು ನೊಬೆಲ್ ಪುರಸ್ಕೃತ ಆಂಡ್ರ್ಯೂ ಹಕ್ಸ್‌ಲಿ ಈತನ ಮೊಮ್ಮಕ್ಕಳು.

ನಂತರದ ಬೆಳವಣಿಗೆ

ಡೈನೊಸಾರ್‌ಗಳಿಗೆ ಕೊರಳೆಲುಬು ಇಲ್ಲವೆಂದು ಆಗ ನಂಬಲಾಗಿತ್ತು. ಒಮ್ಮೆ ಕಳೆದುಹೋದ ಅಂಗ ಮರಳಿ ಬಾರದೆಂಬ ತರ್ಕದಿಂದ ಡೆನ್ಮಾರ್ಕಿನ ಗೆರ್ಹಾರ್ಡ್ ಹೈಲ್ಮನ್ ೧೯೨೬ರ ತನ್ನ ಇಂಗ್ಲಿಷ್ ಗ್ರಂಥದಲ್ಲಿ ಪಕ್ಷಿಗಳ ಮೂಲವನ್ನು ಡೈನೊಸಾರ್‌ಗಳಿಗಿಂತ ಹಿಂದಿನ ಸರೀಸೃಪಗಳಿಗೆ ಒಯ್ದ. ಹಕ್ಸ್‌ಲಿಯ ವಿಚಾರ ಹಲವು ದಶಕಗಳ ಕಾಲ ಮೂಲೆಗುಂಪಾಯಿತು. ಆ ಮೂಳೆ ಡೈನೊಸಾರ್‌ಗಳಲ್ಲಿಯೂ ಇದ್ದುದು ಮುಂದೆ ಖಚಿತವಾಯಿತು. ೧೯೬೯ರಲ್ಲಿ ಡೈನೊನಿಕಸ್ ಎಂಬ ಡೈನೊಸಾರನ್ನು ವರ್ಣಿಸಿದ ಜಾನ್ ಆಸ್ಟ್ರಮ್, ಅದರ ಕೈಮೂಳೆಗಳನ್ನು ಆರ್ಕಿಯಾಪ್ಟೆರಿಕ್ಸಿನವುಗಳೊಡನೆ ಹೋಲಿಸಿ ಎಪ್ಪತ್ತರ ದಶಕದಲ್ಲಿ ಹಳೆಯ ವಾದಕ್ಕೆ ಮರುಜೀವ ಕೊಟ್ಟ. ೧೯೯೬ರಲ್ಲಿ ಚೀನಾದ ಲಿಯಾವೊನಿಂಗ್ ಪ್ರಾಂತದಿಂದ ವರದಿಯಾದ ಸೈನೊಸಾರಾಪ್ಟೆರಿಕ್ಸ್, ಹಾರಲಾರದ ಡೈನೊಸಾರಿನ ಮೈಮೇಲೂ ಗರಿಯಂಥ ಎಳೆಗಳಿದ್ದುದನ್ನು ತೋರಿಸಿತು. ಹಕ್ಸ್‌ಲಿ ೧೮೭೦ರಲ್ಲಿ ಸೂಚಿಸಿ ಬಳಕೆ ತಪ್ಪಿಹೋಗಿದ್ದ ಆರ್ನಿಥೊಸ್ಕೆಲಿಡ ಎಂಬ ಗುಂಪಿನ ಹೆಸರನ್ನು ೨೦೧೭ರಲ್ಲಿ ಮೂವರು ಬ್ರಿಟಿಷ್ ಸಂಶೋಧಕರು ಡೈನೊಸಾರ್‌ಗಳ ಹೊಸ ವರ್ಗೀಕರಣವೊಂದಕ್ಕೆ ಮತ್ತೆ ಬಳಸಿದರು; ಆ ವರ್ಗೀಕರಣದ ಬಗ್ಗೆ ಒಮ್ಮತ ಮೂಡಿಲ್ಲ.