ರಾಮನ್ ಅವರ ಹತ್ತು ವರ್ಷದ ಸರ್ಕಾರಿ ನೌಕರಿ

ಫೆಬ್ರವರಿ 28 ಬಂತು ಅಂದ್ರೆ ನಮ್ಮ ಕಾಲೇಜುಗಳ ಗೋಡೆ ಮೇಲೆ ಸಿ.ವಿ. ರಾಮನ್ ಅವರ ಪೋಸ್ಟರ್ ಬಂದೇ ಬರುತ್ತೆ. 1928ರಲ್ಲಿ ರಾಮನ್ ಪರಿಣಾಮ, 1930ರಲ್ಲಿ ನೊಬೆಲ್, ಪಕ್ಕದಲ್ಲಿ ಪೇಟ ಸುತ್ತಿದ ಫೋಟೋ. ಪ್ಲೇಸ್‌ಮೆಂಟ್ ಸೀಸನ್ನಿನಲ್ಲಿ ಇಷ್ಟವಿಲ್ಲದ ಕಂಪನಿಗೆ ಫಾರ್ಮ್ ತುಂಬುತ್ತಾ ಕೂತ ನಮಗೆ ಆ ಪೋಸ್ಟರ್‌ನಲ್ಲಿ ಇಲ್ಲದ ರಾಮನ್ ಬೇಕಾಗಿದ್ದಾರೆ. 1907ರಲ್ಲಿ ಎಂ.ಎ. ಮುಗಿಸಿ, ಮುಂದೇನು ಅಂತ ನಿಂತಿದ್ದ ಹದಿನೆಂಟರ ಹುಡುಗ.

ಮಾರ್ಕ್ಸ್ ಕಡಿಮೆ ಇತ್ತಾ ಅಂದ್ರೆ, ಇಲ್ಲ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಬಿ.ಎ.ಗೆ ಮೊದಲ ಸ್ಥಾನ, ಭೌತಶಾಸ್ತ್ರಕ್ಕೆ ಚಿನ್ನದ ಪದಕ. ಎಂ.ಎ. ಓದುವಾಗಲೇ, 1906ರಲ್ಲಿ, ಬೆಳಕಿನ ಬಗ್ಗೆ ಬರೆದ ಲೇಖನ ಲಂಡನ್ನಿನ ಫಿಲಾಸಾಫಿಕಲ್ ಮ್ಯಾಗಝೀನ್‌ನಲ್ಲಿ ಅಚ್ಚಾಗಿತ್ತು. ಆದರೆ ಆಗ ಭಾರತದಲ್ಲಿ ಸಂಶೋಧನೆ ಅನ್ನೋದು ಸಂಬಳ ಬರುವ ಕೆಲಸವೇ ಆಗಿರಲಿಲ್ಲ. ಉಳಿದ ದಾರಿ ಇಂಗ್ಲೆಂಡ್. ಅದಕ್ಕೆ ವೈದ್ಯಕೀಯ ತಪಾಸಣೆಗೆ ಹೋದರೆ, ಅಲ್ಲಿನ ಚಳಿ ಈ ಸಣಕಲು ದೇಹಕ್ಕೆ ಆಗಿಬರಲ್ಲ ಅಂತ ಸರ್ಕಾರಿ ಡಾಕ್ಟರು ತೀರ್ಮಾನ ಕೊಟ್ಟರು. ಆ ಬಾಗಿಲೂ ಮುಚ್ಚಿತು.

ಅಣ್ಣ ಸುಬ್ರಹ್ಮಣ್ಯ ಅಯ್ಯರ್ ಹಣಕಾಸು ಇಲಾಖೆ ಸೇರಿದ್ದರು. ರಾಮನ್ ಕೂಡ ಅದೇ ಪರೀಕ್ಷೆಗೆ ಇತಿಹಾಸ, ಅರ್ಥಶಾಸ್ತ್ರ ಎಲ್ಲ ಓದಿ ಬರೆದು ಮೊದಲ ಸ್ಥಾನ ಪಡೆದರು. ಅದೇ ವರ್ಷ ಲೋಕಸುಂದರಿಯವರ ಜೊತೆ ಮದುವೆ. ಕಲ್ಕತ್ತಾದಲ್ಲಿ ಅಸಿಸ್ಟೆಂಟ್ ಅಕೌಂಟೆಂಟ್ ಜನರಲ್ ಹುದ್ದೆ, ಕೈತುಂಬ ಸಂಬಳ. ಮನೆಯವರ ಲೆಕ್ಕದಲ್ಲಿ ಹುಡುಗ ಸೆಟ್ಲ್ ಆದ.

ಕಲ್ಕತ್ತಾಗೆ ಹೋದ ಹೊಸದರಲ್ಲೇ, ಟ್ರಾಮಿನಲ್ಲಿ ಓಡಾಡುವಾಗ, ಬೌಬಜಾರ್ ರಸ್ತೆಯ 210ನೇ ನಂಬರಿನ ಕಟ್ಟಡದ ಬೋರ್ಡು ಅವರ ಕಣ್ಣಿಗೆ ಬಿತ್ತು. ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಷನ್ ಆಫ್ ಸೈನ್ಸ್. ಡಾಕ್ಟರ್ ಮಹೇಂದ್ರಲಾಲ್ ಸರ್ಕಾರ್ 1876ರಲ್ಲಿ ಕಟ್ಟಿದ್ದ ಸಂಸ್ಥೆ. ಭಾರತೀಯರು ಇಲ್ಲೇ ಸಂಶೋಧನೆ ಮಾಡಲಿ ಅನ್ನೋದು ಅವರ ಆಸೆ. ಉಪನ್ಯಾಸಗಳು ನಡೆಯುತ್ತಿದ್ದವು, ಲ್ಯಾಬು ಮಾತ್ರ ಬಹುಪಾಲು ಖಾಲಿ. ರಾಮನ್ ಹೋಗಿ ಕೇಳಿದರು, ಕಾರ್ಯದರ್ಶಿಯಾಗಿದ್ದ ಮಗ ಅಮೃತಲಾಲ್ ಸರ್ಕಾರ್ ಖುಷಿಯಿಂದ ಒಳಗೆ ಬಿಟ್ಟರು.

ಆಮೇಲಿನ ಟೈಮ್‌ಟೇಬಲ್ ನೋಡಿ, ನಮ್ಮ ಸೆಮಿಸ್ಟರ್ ಎಷ್ಟೋ ವಾಸಿ ಅನಿಸುತ್ತೆ. ಬೆಳಗ್ಗೆ ಐದೂವರೆಗೆ ಲ್ಯಾಬು. ಒಂಬತ್ತೂಮುಕ್ಕಾಲಿಗೆ ಮನೆ, ಸ್ನಾನ, ಗಬಗಬ ಊಟ, ಆಫೀಸು. ಸಂಜೆ ಐದಕ್ಕೆ ಆಫೀಸಿನಿಂದ ಸೀದಾ ಲ್ಯಾಬಿಗೆ, ಮನೆ ಸೇರೋದು ರಾತ್ರಿ ಒಂಬತ್ತೂವರೆಗೋ ಹತ್ತಕ್ಕೋ. ಭಾನುವಾರ ಇಡೀ ದಿನ ಅಲ್ಲೇ. ಜೊತೆಗಿದ್ದ ಸಹಾಯಕ ಆಶುತೋಷ್ ಡೇ ಒಬ್ಬರೇ. ದೊಡ್ಡ ಉಪಕರಣಗಳಿಲ್ಲ ಅಂತ ಕೂರದೆ ಪಿಟೀಲು, ಏಕತಾರಿಗಳ ತಂತಿ ಹೇಗೆ ಕಂಪಿಸುತ್ತೆ ಅನ್ನೋದನ್ನು ಹಿಡಿದರು. (ಈ ಟೈಮ್‌ಟೇಬಲ್‌ನಲ್ಲಿ ಮನೆ ನಡೆಸಿದ್ದು ಯಾರು ಅಂತ ಕೇಳಬೇಕು. ಲೋಕಸುಂದರಿಯವರು. ಯಾವ ಪೋಸ್ಟರ್‌ನಲ್ಲೂ ಅವರ ಹೆಸರು ನಾವು ನೋಡಿಲ್ಲ.)

ನಡುವೆ ವರ್ಗಾವಣೆ. 1909ರಲ್ಲಿ ರಂಗೂನ್, 1910ರಲ್ಲಿ ನಾಗಪುರ. ಅಲ್ಲಿ ಬೌಬಜಾರ್ ಇಲ್ಲ, ಆಶು ಬಾಬು ಇಲ್ಲ. ಮನೆಯಲ್ಲೇ ಕೈಲಾದ ಪ್ರಯೋಗ. 1911ರಲ್ಲಿ ಮತ್ತೆ ಕಲ್ಕತ್ತಾ. ಆಫೀಸಿನಲ್ಲಿ ಕೆಲಸಗಳ್ಳ ಅನ್ನೋ ಹೆಸರೇನೂ ಬರಲಿಲ್ಲ, ಇಲಾಖೆ ಅವರನ್ನು ಒಳ್ಳೆ ಅಧಿಕಾರಿ ಅಂತಲೇ ನೋಡಿತು. ಇದು ನಮಗೆ ತುಂಬ ಹಿಡಿಸಿದ ವಿಷಯ. ಇಷ್ಟವಿಲ್ಲದ ಕೆಲಸಕ್ಕೆ ಸೇರಿದರೆ ಮುಗೀತು, ಇಲ್ಲಾಂದ್ರೆ ಧೈರ್ಯವಾಗಿ ಬಿಟ್ಟುಬಿಡಬೇಕು ಅಂತ ಎರಡೇ ಮಾತು ಹೇಳೋ ರೀಲ್ಸ್ ನೋಡಿ ನೋಡಿ ಸಾಕಾಗಿದೆ. ರಾಮನ್ ಸೇರಿದರು, ಹತ್ತು ವರ್ಷ ಮಾಡಿದರು, ಬೆಳಗು ಸಂಜೆಗಳನ್ನು ಮಾತ್ರ ಯಾರಿಗೂ ಕೊಡಲಿಲ್ಲ. ಅದೃಷ್ಟವೂ ಇತ್ತು ಅನ್ನೋದನ್ನ ಮರೆಯಬಾರದು. ಮೊದಲ ಪೋಸ್ಟಿಂಗ್ ಕಲ್ಕತ್ತಾ ಬದಲು ಬೇರೆ ಊರಾಗಿದ್ದರೆ ಆ ಬೋರ್ಡು ಕಾಣುತ್ತಿರಲಿಲ್ಲ.

ಈ ಲೇಖನಗಳನ್ನೆಲ್ಲ ಗಮನಿಸಿದವರು ಕಲ್ಕತ್ತಾ ವಿಶ್ವವಿದ್ಯಾಲಯದ ಆಶುತೋಷ್ ಮುಖರ್ಜಿ. ವಕೀಲ ತಾರಕನಾಥ್ ಪಾಲಿತ್ ಕೊಟ್ಟ ದಾನದಿಂದ ಶುರುವಾದ ಭೌತಶಾಸ್ತ್ರದ ಪ್ರಾಧ್ಯಾಪಕ ಹುದ್ದೆಗೆ ಪಿಎಚ್‌.ಡಿ. ಇಲ್ಲದ ಈ ಅಕೌಂಟ್ಸ್ ಅಧಿಕಾರಿಯನ್ನೇ ಕರೆದರು. ವಿದೇಶದಲ್ಲಿ ತರಬೇತಿ ಪಡೆದು ಬರಬೇಕು ಅನ್ನೋ ನಿಯಮವಿತ್ತು. ರಾಮನ್ ಒಪ್ಪಲಿಲ್ಲ, ಕೊನೆಗೆ ನಿಯಮವೇ ಸಡಿಲವಾಯಿತು. ಸಂಬಳ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತಿತ್ತು. ಅದನ್ನು ಒಪ್ಪಿದರು.

1917ರ ಜುಲೈನಲ್ಲಿ ಹೊಸ ಕೆಲಸಕ್ಕೆ ಸೇರಿದಾಗ ಅವರಿಗೆ 28 ವರ್ಷ. ಪಾಠ ವಿಶ್ವವಿದ್ಯಾಲಯದಲ್ಲಿ, ಪ್ರಯೋಗ ಮಾತ್ರ ಮೊದಲಿನ ಹಾಗೆ 210, ಬೌಬಜಾರ್‌ನಲ್ಲೇ. ಹನ್ನೊಂದು ವರ್ಷದ ನಂತರದ, ಪೋಸ್ಟರ್‌ನಲ್ಲಿರೋ ಆ ಫೆಬ್ರವರಿ 28ರ ಪ್ರಯೋಗ ನಡೆದದ್ದೂ ಅದೇ ಕಟ್ಟಡದಲ್ಲಿ.