ಸೆಸಿಲ್ ಟಿಂಡೇಲ್-ಬಿಸ್ಕೋ

ಸೆಸಿಲ್ ಅರ್ಲ್ ಟಿಂಡೇಲ್-ಬಿಸ್ಕೋ (ಫೆಬ್ರವರಿ 9, 1863 – ಆಗಸ್ಟ್ 1, 1949) ಕಾಶ್ಮೀರದ ಶ್ರೀನಗರದಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಶಾಲಾ ಮುಖ್ಯಸ್ಥರಾಗಿದ್ದ ಇಂಗ್ಲಿಷ್ ಶಿಕ್ಷಣತಜ್ಞ ಹಾಗೂ ಕ್ರೈಸ್ತ ಪಾದ್ರಿ. ಕಾಲ್ಚೆಂಡು, ಈಜು, ದೋಣಿ ನಡೆಸುವಿಕೆ, ಮುಷ್ಟಿಯುದ್ಧ ಮತ್ತು ಪರ್ವತಾರೋಹಣಗಳನ್ನು ಪ್ರೌಢಶಾಲೆಯ ಪಾಠಕ್ರಮದ ಅವಿಭಾಜ್ಯ ಅಂಗವನ್ನಾಗಿ ಮಾಡಿದವರೆಂದು ಇವರು ಪ್ರಸಿದ್ಧರು. ಕಾಶ್ಮೀರದಲ್ಲಿ ಕಾಲ್ಚೆಂಡಾಟದ ಇತಿಹಾಸ ಸಾಮಾನ್ಯವಾಗಿ ಇವರಿಂದಲೇ ಆರಂಭವಾಗುತ್ತದೆ. ಇವರು ಮುನ್ನಡೆಸಿದ ಮಿಷನ್ ಶಾಲೆ ಇಂದು ಟಿಂಡೇಲ್-ಬಿಸ್ಕೋ ಶಾಲೆ ಎಂಬ ಹೆಸರಿನಲ್ಲಿ ಶ್ರೀನಗರದ ಶೇಖ್ ಬಾಗ್‌ನಲ್ಲಿ ನಡೆಯುತ್ತಿದೆ.

ಆರಂಭಿಕ ಜೀವನ

ಬಿಸ್ಕೋ ಅವರು ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್ ಪ್ರಾಂತದ ಹೋಲ್ಟನ್ ಎಂಬಲ್ಲಿ ಜಮೀನುದಾರರ ಮನೆತನವೊಂದರಲ್ಲಿ ಜನಿಸಿದರು. ಬ್ರ್ಯಾಡ್‌ಫೀಲ್ಡ್ ಕಾಲೇಜು ಎಂಬ ವಸತಿಶಾಲೆಯಲ್ಲಿ ಓದಿ, ಅನಂತರ ಕೇಂಬ್ರಿಜ್ ವಿಶ್ವವಿದ್ಯಾಲಯದ ಜೀಸಸ್ ಕಾಲೇಜನ್ನು ಸೇರಿದರು. ಅವರದು ಗಿಡ್ಡ ಮೈಕಟ್ಟು. ದೋಣಿಯ ಹುಟ್ಟು ಹಾಕುವವರಿಗೆ ಇದು ಕೊರತೆ. ಆದರೆ ಹಿಂಬದಿಯಲ್ಲಿ ಕುಳಿತು ಚುಕ್ಕಾಣಿ ಹಿಡಿದು, ಎಂಟು ಜನರ ಲಯವನ್ನು ಕೂಗಿ ನಿಯಂತ್ರಿಸುವವನಿಗೆ ಹಗುರವಾದ ದೇಹವೇ ಅನುಕೂಲ. 1884ರಲ್ಲಿ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ನಡುವಿನ ಥೇಮ್ಸ್ ನದಿಯ ವಾರ್ಷಿಕ ದೋಣಿ ಪಂದ್ಯದಲ್ಲಿ ಗೆದ್ದ ಕೇಂಬ್ರಿಜ್ ತಂಡದ ಚುಕ್ಕಾಣಿಗ ಬಿಸ್ಕೋ ಅವರೇ. ಒಬ್ಬನ ಬಲಕ್ಕಿಂತ ಒಗ್ಗಟ್ಟಿನ ಲಯ ದೊಡ್ಡದೆಂಬ ಈ ಅನುಭವ ಅವರ ಶಿಕ್ಷಣ ಚಿಂತನೆಯಲ್ಲಿ ಕೊನೆಯವರೆಗೂ ಉಳಿಯಿತು. ಮುಂದೆ ಶಾಲೆಯ ವಾರ್ಷಿಕ ವರದಿಗಳಿಗೆ ಹೆಸರಿಡುವಾಗಲೂ ಅವರು ದೋಣಿಗಾರರ ಪರಿಭಾಷೆಯನ್ನು ಬಳಸಿದರು.

1887ರಲ್ಲಿ ಪಾದ್ರಿಯಾಗಿ ದೀಕ್ಷೆ ಪಡೆದ ಬಿಸ್ಕೋ ಕೆಲಕಾಲ ಲಂಡನ್ನಿನ ಬಡವರ ಬಡಾವಣೆಯಾದ ವೈಟ್‌ಚಾಪೆಲ್‌ನಲ್ಲಿ ಸೇವೆ ಸಲ್ಲಿಸಿದರು. 1890ರಲ್ಲಿ ಚರ್ಚ್ ಮಿಷನರಿ ಸೊಸೈಟಿ ಅವರನ್ನು ಕಾಶ್ಮೀರಕ್ಕೆ ಕಳುಹಿಸಿತು.

ಶ್ರೀನಗರದ ಶಾಲೆ

ಬಿಸ್ಕೋ ಅವರು ಬರುವ ವೇಳೆಗೆ ಮಿಷನ್ ಶಾಲೆ ಆರಂಭವಾಗಿ ಸುಮಾರು ಹತ್ತು ವರ್ಷಗಳಾಗಿದ್ದವು. ಅದನ್ನು ನಡೆಸುತ್ತಿದ್ದವರು ಜೇಮ್ಸ್ ಹಿಂಟನ್ ನೋಲ್ಸ್. ಕಾಶ್ಮೀರಿ ಗಾದೆಗಳನ್ನೂ ಜನಪದ ಕಥೆಗಳನ್ನೂ ಸಂಗ್ರಹಿಸಿ ಪ್ರಕಟಿಸಿದ ವಿದ್ವಾಂಸರೆಂದು ಜಾನಪದ ಅಧ್ಯಯನದಲ್ಲಿ ಇವರ ಹೆಸರು ಇಂದಿಗೂ ಉಳಿದಿದೆ. ಝೇಲಂ ನದಿಯ ದಂಡೆಯಲ್ಲಿ, ಫತೇ ಕದಲ್ ಸೇತುವೆಯ ಬಳಿ ಇದ್ದ ಕಟ್ಟಡದಲ್ಲಿ ತರಗತಿಗಳು ನಡೆಯುತ್ತಿದ್ದವು. ವಿದ್ಯಾರ್ಥಿಗಳಲ್ಲಿ ಬಹುಪಾಲು ಮಂದಿ ಕಾಶ್ಮೀರಿ ಪಂಡಿತ ಮನೆತನಗಳ ಹುಡುಗರು. ಮೊಣಕಾಲು ದಾಟಿ ಇಳಿಬೀಳುವ ಫೆರನ್ ಎಂಬ ನಿಲುವಂಗಿಯನ್ನು ತೊಟ್ಟು, ಅದರೊಳಗೆ ಕಾಂಗ್ರಿ ಎಂಬ ಕೆಂಡದ ಕುಡಿಕೆಯನ್ನು ಹಿಡಿದು, ನೆಲದ ಮೇಲೆ ಒತ್ತೊತ್ತಾಗಿ ಕುಳಿತು ಪಾಠ ಒಪ್ಪಿಸುವುದು ಅಲ್ಲಿನ ವಾಡಿಕೆಯಾಗಿತ್ತು. ಕೆಲವರು ವಯಸ್ಸಿನಲ್ಲಿ ದೊಡ್ಡವರು, ಮದುವೆಯಾದವರೂ ಇದ್ದರು.

ಈ ಹುಡುಗರ ಗುರಿ ಸರ್ಕಾರಿ ಕಚೇರಿಯ ಕೆಲಸ, ಅದಕ್ಕೆ ದಾರಿ ಪರೀಕ್ಷೆ. ಓಡುವುದು, ಈಜುವುದು, ಭಾರ ಹೊರುವುದು ಇವೆಲ್ಲ ದುಡಿಯುವ ಜಾತಿಗಳವರ ಕೆಲಸವೆಂದೂ, ಮೈ ಬಲಿತು ಸ್ನಾಯು ಕಾಣಿಸುವುದು ಕೂಲಿಯ ಲಕ್ಷಣವೆಂದೂ ಭಾವಿಸಲಾಗಿತ್ತು. ಆದ್ದರಿಂದ ಅವರಲ್ಲಿ ದೈಹಿಕ ಶಿಕ್ಷಣದ ಪ್ರಶ್ನೆ ಕೇವಲ ಆರೋಗ್ಯಕ್ಕೆ ಸಂಬಂಧಿಸಿರಲಿಲ್ಲ. ಅದು ಜಾತಿ, ಮಡಿ ಮತ್ತು ಮಾನದ ಪ್ರಶ್ನೆಯೂ ಆಗಿತ್ತು. ಬಿಸ್ಕೋ ಅವರ ಕಾರ್ಯವನ್ನು ಅಳೆಯುವಾಗ ಈ ಹಿನ್ನೆಲೆಯನ್ನು ಮರೆಯುವಂತಿಲ್ಲ. ಹೊಸದಾಗಿ ಬಂದ ವಿದೇಶಿಯೊಬ್ಬರು ಮಾಡಿದ ಅಂದಾಜುಗಳಲ್ಲಿ ಅಸಹನೆ ಬೆರೆತಿರುವುದನ್ನೂ ಓದುಗರು ಗಮನದಲ್ಲಿಡಬೇಕಾಗುತ್ತದೆ.

ಮೊದಲ ಕಾಲ್ಚೆಂಡಾಟ

1891ರ ಶರತ್ಕಾಲದಲ್ಲಿ ಬಿಸ್ಕೋ ಅವರು ಬ್ಲಾಂಚ್ ವಯಲೆಟ್ ಬರ್ಜೆಸ್ ಅವರನ್ನು ವಿವಾಹವಾದರು. ಹೊಸ ವಧುವಿನೊಡನೆ ಬೊಂಬಾಯಿಯಿಂದ ಶ್ರೀನಗರಕ್ಕೆ ಹಿಂದಿರುಗುವಾಗ ಅವರು ಒಂದು ಚರ್ಮದ ಕಾಲ್ಚೆಂಡನ್ನೂ ತಂದರು. ಅದನ್ನು ಶಾಲೆಯಲ್ಲಿ ತೋರಿಸಿದಾಗ ಹುಡುಗರು ಮೊದಲು ಕುತೂಹಲದಿಂದ ವಿಚಾರಿಸಿದರು. ಅದು ತೊಗಲಿನಿಂದ ಮಾಡಿದ್ದೆಂದು ತಿಳಿದೊಡನೆ ಮುಟ್ಟಲು ನಿರಾಕರಿಸಿದರು. ಸತ್ತ ಪ್ರಾಣಿಯ ಚರ್ಮವನ್ನು ಸೋಕಿದರೆ ಮೈಲಿಗೆಯಾಗುತ್ತದೆಂಬುದು ಅವರ ನಂಬಿಕೆ.

ಬಿಸ್ಕೋ ಹಿಂದೆ ಸರಿಯಲಿಲ್ಲ. ಆಟದ ನಿಯಮಗಳನ್ನು ಕಪ್ಪುಹಲಗೆಯ ಮೇಲೆ ವಿವರಿಸಿ, ಆ ಮಧ್ಯಾಹ್ನವೇ ಪಂದ್ಯ ನಡೆಯುವುದೆಂದು ಘೋಷಿಸಿದರು. ಹುಡುಗರು ತಪ್ಪಿಸಿಕೊಂಡು ಹೋಗದಂತೆ ಉಪಾಧ್ಯಾಯರನ್ನು ಕೋಲು ಸಹಿತ ದಾರಿಯಲ್ಲಿ ನಿಲ್ಲಿಸಲಾಯಿತು. ಮೆರವಣಿಗೆಯಂತೆ ಮೈದಾನಕ್ಕೆ ಸಾಗಿದ ವಿದ್ಯಾರ್ಥಿಗಳನ್ನು ನೋಡಲು ಊರಿನ ಜನ ನೆರೆದರು. ಎರಡು ತಂಡಗಳು ಎದುರುಬದುರಾಗಿ ನಿಂತವು. ಆದರೆ ಚೆಂಡನ್ನು ಒದೆಯಲು ಯಾರೂ ಮುಂದಾಗಲಿಲ್ಲ. ಮುಖ್ಯೋಪಾಧ್ಯಾಯರು ಗಡಿಯಾರ ನೋಡಿ ಕೆಲವು ನಿಮಿಷಗಳ ಗಡುವು ಕೊಟ್ಟರು. ಗಡುವು ಮುಗಿದಾಗ ಉಪಾಧ್ಯಾಯರು ಕೋಲು ಬೀಸುತ್ತಾ ನುಗ್ಗಿದರು, ಚೆಂಡು ಉರುಳಿತು. ಒಮ್ಮೆ ಉರುಳಿದ ಮೇಲೆ ಭಯ, ಗದ್ದಲ, ಉತ್ಸಾಹ ಎಲ್ಲ ಬೆರೆತು ಆಟ ನಡೆಯತೊಡಗಿತು. ಅಷ್ಟರಲ್ಲಿ ಒಬ್ಬ ಹುಡುಗನ ಮುಖಕ್ಕೆ ಚೆಂಡು ಬಡಿಯಿತು. ಆಟ ನಿಂತಿತು. ಮೈಲಿಗೆಯಾದ ಮುಖವನ್ನು ಹೊತ್ತು ಏನು ಮಾಡಬೇಕೆಂದು ತೋಚದೆ ಹುಡುಗ ಅಳುತ್ತಿದ್ದಾಗ, ಹತ್ತಿರದ ಕಾಲುವೆಗೆ ಕರೆದೊಯ್ದು ತೊಳೆಸುವಂತೆ ಬಿಸ್ಕೋ ಸೂಚಿಸಿದರು. ಹುಡುಗ ಮುಖ ತೊಳೆದು ಬಂದ ಮೇಲೆ ಪಂದ್ಯ ಮುಂದುವರಿಯಿತು.

ಈ ಪ್ರಸಂಗದ ವಿವರಗಳು ಬಹುಮಟ್ಟಿಗೆ ಬಿಸ್ಕೋ ಅವರ ಬರಹಗಳಿಂದಲೇ ತಿಳಿದುಬಂದಿವೆ. ಅವರು ಇದನ್ನು ಗೆಲುವಿನ ಕಥೆಯಾಗಿ, ವಿನೋದದ ಧಾಟಿಯಲ್ಲಿ ಹೇಳಿದ್ದಾರೆ. ಆಳುವ ಜನಾಂಗದ ಪಾದ್ರಿಯೊಬ್ಬರು ಮಕ್ಕಳ ಆಚಾರವನ್ನು ಕೋಲಿನ ಬಲದಿಂದ ಮುರಿಸಿದರೆಂಬ ಅಂಶವನ್ನು ಆ ಧಾಟಿ ಮರೆಮಾಡುತ್ತದೆ. ಆದರೆ ಕೋಲು ಬಹುಕಾಲ ಬೇಕಾಗಲಿಲ್ಲ ಎಂಬುದೂ ಅಷ್ಟೇ ನಿಜ. ಕೆಲವೇ ವರ್ಷಗಳಲ್ಲಿ ಕಾಲ್ಚೆಂಡು ಶ್ರೀನಗರದ ಹುಡುಗರು ತಾವಾಗಿಯೇ ಆಡುವ ಆಟವಾಯಿತು. ಇಂದು ಕಾಶ್ಮೀರದ ಅತ್ಯಂತ ಜನಪ್ರಿಯ ಕ್ರೀಡೆಗಳಲ್ಲಿ ಅದೂ ಒಂದು.

ಈಜು ಮತ್ತು ದೋಣಿ

ಶ್ರೀನಗರ ನೀರಿನ ನಗರ. ನಡುವೆ ಝೇಲಂ, ಪಕ್ಕದಲ್ಲಿ ದಾಲ್ ಸರೋವರ, ಎಲ್ಲೆಡೆ ಕಾಲುವೆಗಳು. ಹಾಗಿದ್ದರೂ ಮೇಲ್ಜಾತಿಯ ಹುಡುಗರಿಗೆ ಈಜು ಬರುತ್ತಿರಲಿಲ್ಲ, ಮುಳುಗಿ ಸಾಯುವವರು ಅನೇಕರಿದ್ದರು. ದೋಣಿ ನಡೆಸುವುದು ಹಾಂಜಿ ಎಂಬ ಅಂಬಿಗರ ಕಸುಬಾದ್ದರಿಂದ ಹುಟ್ಟನ್ನು ಕೈಯಲ್ಲಿ ಹಿಡಿಯುವುದೇ ಅವಮಾನವೆನಿಸಿತ್ತು. ಕಾಲ್ಚೆಂಡಿಗಿಂತಲೂ ಈ ಎರಡು ವಿದ್ಯೆಗಳ ಮೇಲೆ ಬಿಸ್ಕೋ ಹೆಚ್ಚು ಒತ್ತು ಕೊಟ್ಟರು. ಅವರ ಶಾಲೆಯ ನಿಜವಾದ ವೈಶಿಷ್ಟ್ಯವನ್ನು ಇಲ್ಲಿಯೇ ಕಾಣಬಹುದು.

ಒತ್ತಾಯಕ್ಕೆ ಅವರು ಕಂಡುಕೊಂಡ ಉಪಾಯ ಶುಲ್ಕ. ಹದಿಮೂರು ವರ್ಷ ತುಂಬಿದ ಮೇಲೂ ಈಜು ಪರೀಕ್ಷೆಯಲ್ಲಿ ತೇರ್ಗಡೆಯಾಗದ ವಿದ್ಯಾರ್ಥಿಯ ಶಾಲಾ ಶುಲ್ಕವನ್ನು ಏರಿಸಲಾಗುತ್ತಿತ್ತು. ಮಗ ನೀರಿಗಿಳಿಯಬಾರದೆಂದು ಹಟ ಹಿಡಿದ ಪೋಷಕರೇ ಆಗ ಮಗನನ್ನು ನೀರಿಗೆ ಕಳುಹಿಸತೊಡಗಿದರು. ಬಾಲ್ಯವಿವಾಹವನ್ನು ತಡೆಯಲೂ ಅವರು ಇದೇ ಅಸ್ತ್ರವನ್ನು ಬಳಸಿ, ವಿವಾಹಿತ ವಿದ್ಯಾರ್ಥಿಗಳಿಂದ ಹೆಚ್ಚಿನ ಶುಲ್ಕ ಪಡೆದರು. ದಾಲ್ ಸರೋವರವನ್ನು ಈಜಿ ದಾಟುವುದು ಶಾಲೆಯ ವಾರ್ಷಿಕ ಪದ್ಧತಿಯಾಯಿತು. ಮಧ್ಯಾಹ್ನದ ಬಿರುಗಾಳಿಗೆ ಹೆಸರಾಗಿದ್ದ, ಅಂಬಿಗರೂ ಅಂಜುತ್ತಿದ್ದ ವುಲರ್ ಸರೋವರವನ್ನೂ ವಿದ್ಯಾರ್ಥಿಗಳು ಈಜಿ ದಾಟಿದರು. ಶಾಲೆಯ ಬಳಿ ಹಲವು ದೋಣಿಗಳಿದ್ದವು. ಹುಡುಗರ ತಂಡಗಳು ಅವುಗಳಲ್ಲಿ ಪಂದ್ಯ ನಡೆಸುತ್ತಿದ್ದವು. ಹೃದಯದಾಕಾರದ ಅಲಗುಳ್ಳ ಕಾಶ್ಮೀರಿ ಹುಟ್ಟುಗಳೇ ಶಾಲೆಯ ಲಾಂಛನವಾದವು. ಎಲ್ಲ ವಿಷಯಗಳಲ್ಲೂ ಪುರುಷೋಚಿತವಾಗಿ ನಡೆದುಕೊಳ್ಳಬೇಕೆಂಬ ಅರ್ಥದ ಧ್ಯೇಯವಾಕ್ಯವನ್ನು ಅದರ ಜೊತೆಗೆ ಸೇರಿಸಲಾಯಿತು. ಬಲವೂ ದಯೆಯೂ ಒಂದಾಗಿರಬೇಕೆಂದು ಬಿಸ್ಕೋ ಆ ಲಾಂಛನಕ್ಕೆ ಅರ್ಥ ಹೇಳುತ್ತಿದ್ದರು.

ಅಂಗಸಾಧನೆ, ಮುಷ್ಟಿಯುದ್ಧ, ಶ್ರೀನಗರದ ಬಳಿಯ ಮಹಾದೇವ ಶಿಖರದ ಆರೋಹಣ ಮೊದಲಾದವೂ ಪಾಠಕ್ರಮದಲ್ಲಿದ್ದವು.

ಅಂಕಪದ್ಧತಿ

ಬಿಸ್ಕೋ ರೂಪಿಸಿದ ಅಂಕಪದ್ಧತಿ ಆ ಕಾಲದ ಶಾಲೆಗಳಲ್ಲಿ ಅಪರೂಪದ್ದು. ವಿದ್ಯಾರ್ಥಿಯ ವರದಿಯನ್ನು ಬುದ್ಧಿ, ದೇಹ, ಆತ್ಮ ಎಂಬ ಮೂರು ಭಾಗಗಳಾಗಿ ವಿಂಗಡಿಸಿ, ಮೂರಕ್ಕೂ ಸಮಾನ ಅಂಕಗಳನ್ನು ನಿಗದಿ ಮಾಡಲಾಗಿತ್ತು. ಬುದ್ಧಿಯ ಭಾಗದಲ್ಲಿ ಸಾಮಾನ್ಯ ಪಠ್ಯವಿಷಯಗಳು ಬರುತ್ತಿದ್ದವು. ದೇಹದ ಭಾಗದಲ್ಲಿ ಅಂಗಸಾಧನೆ, ಈಜು, ದೋಣಿ ಮತ್ತು ಆಟಗಳು. ಆತ್ಮದ ಭಾಗ ಧರ್ಮಶಾಸ್ತ್ರದ ಪರೀಕ್ಷೆಯಲ್ಲ. ಗುರುಗಳೊಡನೆ, ಸಹಪಾಠಿಗಳೊಡನೆ ಮತ್ತು ಊರಿನವರೊಡನೆ ವಿದ್ಯಾರ್ಥಿಯ ನಡವಳಿಕೆಯನ್ನು ಅಲ್ಲಿ ಅಳೆಯಲಾಗುತ್ತಿತ್ತು. ಹೀಗಾಗಿ ಪಾಠವನ್ನು ಚೆನ್ನಾಗಿ ಉರುಹೊಡೆದವನು ಮೈದಾನಕ್ಕೆ ಇಳಿಯದಿದ್ದರೆ, ಅಥವಾ ನೆರೆಯವನ ಕಷ್ಟಕ್ಕೆ ಒದಗದಿದ್ದರೆ, ಶಾಲೆಯ ಪಟ್ಟಿಯಲ್ಲಿ ಮೇಲಿನ ಸ್ಥಾನ ಪಡೆಯುವಂತಿರಲಿಲ್ಲ. ಸರ್ಕಾರಿ ಉದ್ಯೋಗಕ್ಕೆ ಬೇಕಾದದ್ದು ವಿಶ್ವವಿದ್ಯಾಲಯದ ಪರೀಕ್ಷೆಯೇ ಆದ್ದರಿಂದ ಹಲವು ಪೋಷಕರಿಗೆ ಈ ಪದ್ಧತಿ ಹಿಡಿಸಲಿಲ್ಲ. ಇಂದಿನ ಪೋಷಕರಿಗಾದರೂ ಹಿಡಿಸುತ್ತಿತ್ತೇ ಎಂಬುದು ಬೇರೆ ಮಾತು.

ಸಮಾಜಸೇವೆ

ಆಟದಿಂದ ಬಂದ ಬಲ ಊರಿನ ಉಪಯೋಗಕ್ಕೆ ಬರಬೇಕೆಂಬುದು ಬಿಸ್ಕೋ ಅವರ ನಿಲುವು. ಮರದ ಮನೆಗಳೇ ತುಂಬಿದ್ದ ಶ್ರೀನಗರದಲ್ಲಿ ಬೆಂಕಿ ಅನಾಹುತ ಸಾಮಾನ್ಯವಾಗಿತ್ತು. ಅಂಥ ಸಂದರ್ಭಗಳಲ್ಲಿ ಉಪಾಧ್ಯಾಯರೂ ವಿದ್ಯಾರ್ಥಿಗಳೂ ಪಾಠ ನಿಲ್ಲಿಸಿ ಬೆಂಕಿ ಆರಿಸಲು ಧಾವಿಸುತ್ತಿದ್ದರು. 1892ರಲ್ಲಿ ನಗರದಲ್ಲಿ ಕಾಲರಾ ವ್ಯಾಪಿಸಿತು. ಕೊಳಕು ಬೀದಿಗಳೇ ರೋಗದ ತವರೆಂದು ಮನಗಂಡ ಬಿಸ್ಕೋ ಸ್ವತಃ ಸಲಿಕೆ ಹಿಡಿದು, ವಿದ್ಯಾರ್ಥಿಗಳಿಂದಲೂ ಹಿಡಿಸಿದರು. 1893 ಮತ್ತು 1903ರ ದೊಡ್ಡ ನೆರೆಗಳಲ್ಲಿ ಶಾಲೆಯ ದೋಣಿಗಳು ಜನರನ್ನು ರಕ್ಷಿಸಲು ಹೊರಟವು. ಹುಟ್ಟು ಹಿಡಿಯಲು ನಾಚಿಕೊಂಡಿದ್ದ ಮನೆತನಗಳ ಮಕ್ಕಳೇ ಈಗ ಬೇರೆ ಜಾತಿ, ಬೇರೆ ಮತದವರನ್ನು ಮುಟ್ಟಿ ಎತ್ತಿ ದಂಡೆಗೆ ಸೇರಿಸಿದರು. ಮಿಷನ್ ಆಸ್ಪತ್ರೆಯಲ್ಲಿ ಚೇತರಿಸಿಕೊಳ್ಳುತ್ತಿದ್ದ ಬಡ ರೋಗಿಗಳನ್ನು ದೋಣಿಯಲ್ಲಿ ಕೂರಿಸಿ ಸರೋವರದಲ್ಲಿ ಸುತ್ತಾಡಿಸಿ ತರುವುದು ಹುಡುಗರ ನಿತ್ಯದ ಕೆಲಸಗಳಲ್ಲಿ ಒಂದಾಗಿತ್ತು.

ವಿರೋಧ ಮತ್ತು ವಿಮರ್ಶೆ

ಬಿಸ್ಕೋ ಅವರಿಗೆ ಎರಡೂ ಕಡೆಯಿಂದ ವಿರೋಧ ಎದುರಾಯಿತು. ಸಂಪ್ರದಾಯಸ್ಥ ಕುಟುಂಬಗಳು ಅವರನ್ನು ಆಚಾರ ಕೆಡಿಸುವವರೆಂದು ದೂರಿದವು. ಇನ್ನೊಂದೆಡೆ, ಇಷ್ಟು ವರ್ಷ ದುಡಿದರೂ ಮತಾಂತರಗೊಂಡವರು ಬೆರಳೆಣಿಕೆಯಷ್ಟೆಂದು ಮಿಷನ್ ವಲಯದಲ್ಲಿಯೇ ಅಸಮಾಧಾನವಿತ್ತು. ಹೆಸರಿಗೆ ಕ್ರೈಸ್ತನಾಗುವುದಕ್ಕಿಂತ ನಡತೆಯಲ್ಲಿ ಬದಲಾಗುವುದು ಮುಖ್ಯವೆಂದು ಅವರು ತಮ್ಮ ನಿಲುವನ್ನು ಸಮರ್ಥಿಸಿಕೊಂಡರು.

ಅವರ ವಿಚಾರಗಳ ಮೂಲ ವಿಕ್ಟೋರಿಯಾ ಯುಗದ ಇಂಗ್ಲಿಷ್ ವಸತಿಶಾಲೆಗಳ ಕ್ರೀಡಾಸಂಸ್ಕೃತಿ. ರಗ್ಬಿ ಶಾಲೆಯ ಮುಖ್ಯೋಪಾಧ್ಯಾಯ ಥಾಮಸ್ ಆರ್ನಾಲ್ಡ್ ಅವರ ಹೆಸರಿನೊಂದಿಗೆ ಈ ಸಂಸ್ಕೃತಿಯನ್ನು ಜೋಡಿಸುವುದು ರೂಢಿ. ವಾಸ್ತವವಾಗಿ ಆರ್ನಾಲ್ಡ್ ಅವರಿಗೆ ಆಟಗಳಲ್ಲಿ ಅಷ್ಟೇನೂ ಆಸಕ್ತಿ ಇರಲಿಲ್ಲ, ಆ ಉತ್ಸಾಹ ಅವರ ನಂತರದವರದು. ಪೌರುಷವನ್ನು ಆದರ್ಶವಾಗಿಸಿ, ಸ್ಥಳೀಯರನ್ನು ದುರ್ಬಲರೆಂದು ಚಿತ್ರಿಸಿ, ಅವರನ್ನು ತಿದ್ದುವ ಹೊಣೆ ತಮ್ಮದೆಂದು ಭಾವಿಸುವ ವಸಾಹತುಶಾಹಿ ಧೋರಣೆ ಬಿಸ್ಕೋ ಅವರ ಬರಹಗಳಲ್ಲಿ ಸ್ಪಷ್ಟವಾಗಿದೆ. ಕ್ರೀಡೆ ಮತ್ತು ಸಾಮ್ರಾಜ್ಯದ ಸಂಬಂಧವನ್ನು ಪರಿಶೀಲಿಸಿದ ಇತಿಹಾಸಕಾರರು ಅವರನ್ನು ಉದಾಹರಣೆಯಾಗಿ ಚರ್ಚಿಸಿದ್ದಾರೆ. ಅವರನ್ನು ಕೃತಜ್ಞತೆಯಿಂದ ನೆನೆಯುವವರಲ್ಲಿ ಮುಖ್ಯರು ಅವರ ಕಾಶ್ಮೀರಿ ವಿದ್ಯಾರ್ಥಿಗಳು ಎಂಬುದನ್ನೂ ಈ ಚರ್ಚೆಯಲ್ಲಿ ಸೇರಿಸಬೇಕಾಗುತ್ತದೆ. ದಿನನಿತ್ಯದ ಕೆಲಸವನ್ನು ನಡೆಸಿದವರು ಪಂಡಿತ ಉಪಾಧ್ಯಾಯರೇ. ತಮ್ಮ ಬೀದಿ, ತಮ್ಮ ಮನೆಯವರ ಮುಂದೆ ಹುಟ್ಟು ಹಿಡಿದು ಕುಳಿತ ಅವರಿಗೆ ಆ ಧೈರ್ಯದ ಬೆಲೆ ಮುಖ್ಯೋಪಾಧ್ಯಾಯರಿಗಿಂತ ಹೆಚ್ಚೇ ಆಗಿರಬೇಕು.

ಕೃತಿಗಳು ಮತ್ತು ಗೌರವ

ಕಾಶ್ಮೀರದ ಜನಜೀವನ ಹಾಗೂ ಶಾಲೆಯ ಅನುಭವಗಳನ್ನು ಕುರಿತು ಬಿಸ್ಕೋ ಇಂಗ್ಲಿಷಿನಲ್ಲಿ ಪುಸ್ತಕಗಳನ್ನು ಬರೆದರು. ಇವುಗಳಲ್ಲಿ 1922ರಲ್ಲಿ ಪ್ರಕಟವಾದ ಕಾಶ್ಮೀರ್ ಇನ್ ಸನ್‌ಲೈಟ್ ಅಂಡ್ ಶೇಡ್ ಹೆಚ್ಚು ಪ್ರಸಿದ್ಧ. ಆತ್ಮಕಥೆ ಮರಣಾನಂತರ, 1951ರಲ್ಲಿ ಬೆಳಕು ಕಂಡಿತು. ಸಾರ್ವಜನಿಕ ಸೇವೆಗಾಗಿ ಬ್ರಿಟಿಷ್ ಸರ್ಕಾರ ಅವರಿಗೆ ಕೈಸರ್-ಎ-ಹಿಂದ್ ಪದಕ ನೀಡಿತು.

ಕೊನೆಯ ದಿನಗಳು

ಬಿಸ್ಕೋ 1947ರಲ್ಲಿ ಕಾಶ್ಮೀರವನ್ನು ಬಿಟ್ಟು ದಕ್ಷಿಣ ರೊಡೇಷ್ಯಾದ ಸಾಲಿಸ್‌ಬರಿ ನಗರಕ್ಕೆ (ಇಂದಿನ ಜಿಂಬಾಬ್ವೆಯ ಹರಾರೆ) ತೆರಳಿದರು. ಅವರು ಶ್ರೀನಗರಕ್ಕೆ ಬಂದ 1890ರಲ್ಲಿಯೇ, ಅವರ ಸಹೋದರ ಎಡ್ವರ್ಡ್ ಅದೇ ಸಾಲಿಸ್‌ಬರಿಯಲ್ಲಿ ಮೊದಲ ಬ್ರಿಟಿಷ್ ಧ್ವಜವನ್ನು ಏರಿಸಿದ್ದರು. ಬಿಸ್ಕೋ 1949ರ ಆಗಸ್ಟ್ 1ರಂದು ಅಲ್ಲಿಯೇ ನಿಧನರಾದರು.

ಜಮ್ಮು ಮತ್ತು ಕಾಶ್ಮೀರದ ಮಾಜಿ ಮುಖ್ಯಮಂತ್ರಿ ಫಾರೂಕ್ ಅಬ್ದುಲ್ಲಾ ಈ ಶಾಲೆಯ ಹಳೆಯ ವಿದ್ಯಾರ್ಥಿಗಳಲ್ಲಿ ಒಬ್ಬರು. ಇದರ ಸೋದರ ಸಂಸ್ಥೆಯಾದ ಬಾಲಕಿಯರ ಶಾಲೆಗೆ, ಅದನ್ನು ಬಹುಕಾಲ ಮುನ್ನಡೆಸಿದ ಮ್ಯೂರಿಯಲ್ ಮ್ಯಾಲಿನ್ಸನ್ ಅವರ ಹೆಸರಿದೆ. ಹೃದಯದಾಕಾರದ ಅಲಗಿನ ಹುಟ್ಟುಗಳು ಈಗಲೂ ಟಿಂಡೇಲ್-ಬಿಸ್ಕೋ ಶಾಲೆಯ ಲಾಂಛನದಲ್ಲಿವೆ.