ಹಕ್ಕಿಗಳ ಲೆಕ್ಕ ಬರೆದ ಡಾ. ಸಲೀಂ ಅಲಿ

ಚಳ್ಳಕೆರೆಯಿಂದ ಮೊಳಕಾಲ್ಮೂರಿನ ಕಡೆಗೆ ಹೋಗುವವರಿಗೆ ಕಾಣುವುದು ಶೇಂಗಾದ ಹೊಲ, ಜಾಲಿಯ ಪೊದೆ, ಕಲ್ಲುಗುಡ್ಡ, ನಡುನಡುವೆ ಬಟ್ಟಬಯಲು. ಆ ಬಯಲುಗಳಲ್ಲಿ ಕೆಲವು ಮೈಸೂರು ಅರಸರ ಕಾಲದಿಂದ ಬಂದ ಅಮೃತಮಹಲ್ ಕಾವಲುಗಳು. ಪರಸ್ಥಳದವರ ಕಣ್ಣಿಗೆ ಅದು ಬರಡು ನೆಲ. ಅಲ್ಲಿ ದನ ಕುರಿ ಮೇಯಿಸಿ ಬದುಕಿದ ನಮ್ಮಂಥವರ ಮನೆಗಳಲ್ಲಿ ಮಾತ್ರ ಅದಕ್ಕೆ ಬೇರೆಯೇ ಮರ್ಯಾದೆ. ನಮ್ಮ ತಾತ ಚಿಗರೆಯ ಹಿಂಡುಗಳನ್ನು ಕಂಡವರು. ಸೊಂಟದೆತ್ತರದ ಎರೆಭೂತ ಹಕ್ಕಿಯನ್ನೂ ಕಂಡವರು. ನಾನು ಚಿಗರೆಯನ್ನು ಕಂಡಿದ್ದೇನೆ, ಎರೆಭೂತವನ್ನು ಚಿತ್ರದಲ್ಲಿ ಮಾತ್ರ. ಕರ್ನಾಟಕದಲ್ಲಿ ಈಗ ಅದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಉಳಿದಿದೆ. ತಾತ ಯಾವ ವರ್ಷ, ಯಾವ ಕಾವಲಿನಲ್ಲಿ, ಎಷ್ಟು ಹಕ್ಕಿ ಕಂಡರೆಂಬುದನ್ನು ಯಾರೂ ಬರೆದಿಡಲಿಲ್ಲ. ಅವರೊಡನೆ ಆ ಲೆಕ್ಕವೂ ಮಣ್ಣಿಗೆ ಸೇರಿತು.

ಕಳೆದ ಬೇಸಗೆಯ ರಜೆಯಲ್ಲಿ ಒಂದು ವಿಶ್ವವಿದ್ಯಾನಿಲಯದವರು ಚಿಗರೆಗಳನ್ನು ಎಣಿಸಲು ನಮ್ಮೂರ ಕಾವಲಿಗೆ ಬಂದಿದ್ದರು. ನಾನು ಓದುವುದು ಇತಿಹಾಸ ಮತ್ತು ಅರ್ಥಶಾಸ್ತ್ರ. ಪ್ರಾಣಿಶಾಸ್ತ್ರದ ಗಂಧವೂ ನನಗಿಲ್ಲ. ಆದರೂ ಊರಿನ ಹುಡುಗನೆಂದು ಅವರ ಬಿಡಾರದ ಮೇಲ್ವಿಚಾರಣೆಯನ್ನು ನನಗೆ ಒಪ್ಪಿಸಿದರು. ನೀರಿನ ಡ್ರಮ್ಮು, ಅಕ್ಕಿ ಬೇಳೆ, ಜೀಪಿನ ಡೀಸೆಲ್, ಜೊತೆಗೆ ನಡೆಯುವ ಕುರಿಗಾಹಿಗಳ ಕೂಲಿ, ದಿನದ ಖರ್ಚಿನ ಪುಸ್ತಕ, ಇವೆಲ್ಲ ನನ್ನ ಪಾಲಿನವು. ಎಣಿಕೆಯ ಹಾಳೆಗಳನ್ನು ತುಂಬಿಸಿ ಜೋಡಿಸಿಡುವುದೂ ನನ್ನದೇ. ಒಂದು ದಿನ ಸಾಮಾನು ತರಲು ಚಳ್ಳಕೆರೆಗೆ ಹೋಗುವ ಅವಸರದಲ್ಲಿ ಬೆಳಗಿನ ಹಾಳೆಯನ್ನು ಖಾಲಿ ಬಿಟ್ಟೆ. ರಾತ್ರಿ ಲಾಟೀನಿನ ಮುಂದೆ ಕುಳಿತು, ನೆನಪಿನಿಂದ ಹದಿನೇಳು ಎಂದು ತುಂಬಿದೆ. ಮಾರನೆಯ ದಿನ ವಿಷಯ ತಿಳಿದಾಗ ತಂಡದ ಹಿರಿಯರು ನನ್ನನ್ನು ಬೈಯಲಿಲ್ಲ. ಆ ದಿನದ ಲೆಕ್ಕವನ್ನೆಲ್ಲ ಕೆಂಪು ಶಾಯಿಯಿಂದ ಹೊಡೆದುಹಾಕಿದರು. ಹತ್ತು ಜನ ಬಿಸಿಲಿನಲ್ಲಿ ನಡೆದ ಶ್ರಮ ನನ್ನೊಬ್ಬನಿಂದ ವ್ಯರ್ಥವಾಯಿತು. ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ಹೊರಡುವಾಗ ಅದೇ ಹಿರಿಯರು ನನ್ನ ಕೈಗೆ ಒಂದು ಪುಸ್ತಕವನ್ನಿತ್ತರು. ಅದು 1985ರಲ್ಲಿ ಪ್ರಕಟವಾದ ಡಾ. ಸಲೀಂ ಅಲಿಯವರ ಆತ್ಮಕಥೆ, ‘ದಿ ಫಾಲ್ ಆಫ್ ಎ ಸ್ಪ್ಯಾರೋ’. ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಓದಿ ಮುಗಿಸಿದೆ. ಆ ಮಹನೀಯರ ಜೀವನವನ್ನು ನನಗೆ ತಿಳಿದಮಟ್ಟಿಗೆ ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಸಲೀಂ ಅಲಿಯವರು ಹುಟ್ಟಿದ್ದು ಮುಂಬಯಿಯಲ್ಲಿ, 1896ನೆಯ ಇಸವಿ ನವೆಂಬರ್ 12ರಂದು. ಎಳೆತನದಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡ ಈ ಮಗುವನ್ನು ಸೋದರಮಾವ ಅಮೀರುದ್ದೀನ್ ತಯ್ಯಬ್‌ಜಿಯವರು ತಮ್ಮ ಮನೆಯಲ್ಲಿಟ್ಟುಕೊಂಡು ಬೆಳೆಸಿದರು. ಹುಡುಗನಿಗೆ ಆಟದ ಬಂದೂಕಿನಿಂದ ಗುಬ್ಬಿ ಹೊಡೆಯುವ ಹುಚ್ಚು. ಒಂದು ದಿನ ಹೊಡೆದ ಗುಬ್ಬಿಯ ಕತ್ತಿನಲ್ಲಿ ಹಳದಿ ಮಚ್ಚೆಯಿತ್ತು. ಇದೇನೆಂದು ತಿಳಿಯಲು ಮಾವ ಅವನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿಗಳಾಗಿದ್ದ ಮಿಲಾರ್ಡ್ ಎಂಬ ಆಂಗ್ಲರ ಬಳಿಗೆ ಕಳುಹಿಸಿದರು. ಅವರು ಹಕ್ಕಿಯ ಹೆಸರು ಹೇಳಿದ್ದಲ್ಲದೆ, ಚರ್ಮ ಸುಲಿದು ತುಂಬಿಟ್ಟ ನೂರಾರು ಹಕ್ಕಿಗಳನ್ನು ಪೆಟ್ಟಿಗೆ ತೆರೆದು ತೋರಿಸಿದರು. ಬೇಟೆಯ ಹುಡುಗ ಅಂದಿನಿಂದ ಶಾಸ್ತ್ರದ ಹುಡುಗನಾದ. ಆ ವಯಸ್ಸಿನಲ್ಲಿಯೇ ಅವನು ಇನ್ನೊಂದು ಸಂಗತಿಯನ್ನು ಬರೆದಿಟ್ಟಿದ್ದ. ಗೂಡಿನ ಮುಂದೆ ಕುಳಿತ ಗಂಡುಗುಬ್ಬಿಯನ್ನು ಹೊಡೆದರೆ, ಹೆಣ್ಣು ಬೇಗನೆ ಬೇರೊಂದು ಗಂಡನ್ನು ಕರೆತರುತ್ತಿತ್ತು. ಹೀಗೆ ಏಳು ದಿನಗಳಲ್ಲಿ ಎಂಟು ಗಂಡುಗಳು ಸತ್ತವು. ಕ್ರೂರವಾದ ಆಟವೇ ಸರಿ. ಆದರೆ ಆಗಲೇ ಬರೆದಿಟ್ಟದ್ದರಿಂದ ಆ ಟಿಪ್ಪಣಿ ದಶಕಗಳ ಮೇಲೂ ಶಾಸ್ತ್ರಕ್ಕೆ ಉಪಯೋಗವಾಯಿತು. ಇದನ್ನು ಓದಿದಾಗ ನನ್ನ ಹದಿನೇಳು ನನ್ನನ್ನು ಚುಚ್ಚಿತು.

ಕಾಲೇಜಿನ ವ್ಯಾಸಂಗದಲ್ಲಿ ಅವರು ಮುಂದಾಳಾಗಿರಲಿಲ್ಲ. ಓದನ್ನು ನಡುವೆ ಬಿಟ್ಟು ಬರ್ಮಾದೇಶದ ಟವಾಯ್‌ಗೆ ಹೋಗಿ ಮನೆತನದ ಗಣಿ ಮತ್ತು ಮರದ ವ್ಯಾಪಾರ ನೋಡಿಕೊಂಡರು. ವ್ಯಾಪಾರಕ್ಕಿಂತ ಅಲ್ಲಿನ ಕಾಡೇ ಅವರ ಮನಸ್ಸನ್ನು ಸೆಳೆಯಿತು. 1917ರಲ್ಲಿ ಹಿಂದಿರುಗಿ ವಾಣಿಜ್ಯವನ್ನೂ ಪ್ರಾಣಿಶಾಸ್ತ್ರವನ್ನೂ ಓದಿದರು. 1918ರಲ್ಲಿ ತೆಹಮಿನಾ ಅವರೊಡನೆ ವಿವಾಹವಾಯಿತು. ವಿಶ್ವವಿದ್ಯಾನಿಲಯದ ಪದವಿ ಇಲ್ಲವೆಂಬ ಕಾರಣದಿಂದ ಸರ್ಕಾರದ ಪಕ್ಷಿಶಾಸ್ತ್ರಜ್ಞನ ಹುದ್ದೆ ದೊರೆಯಲಿಲ್ಲ. 1926ರಲ್ಲಿ ಮುಂಬಯಿಯ ವಸ್ತುಸಂಗ್ರಹಾಲಯದಲ್ಲಿ ಮಾರ್ಗದರ್ಶಕ ಉಪನ್ಯಾಸಕರಾದರು. ಮುಂದೆ ಬರ್ಲಿನ್‌ಗೆ ಹೋಗಿ ಸ್ಟ್ರೆಸೆಮಾನ್ ಎಂಬ ಪಂಡಿತರ ಬಳಿ ಶಿಷ್ಯವೃತ್ತಿ ಮಾಡಿ 1930ರಲ್ಲಿ ಬಂದು ನೋಡಿದರೆ, ಇಲ್ಲಿಯ ಹುದ್ದೆಯೇ ರದ್ದಾಗಿತ್ತು. ಕೈಯಲ್ಲಿ ಕೆಲಸವಿಲ್ಲದೆ ದಂಪತಿಗಳು ಕಿಹಿಂ ಎಂಬ ಸಮುದ್ರತೀರದ ಹಳ್ಳಿಯಲ್ಲಿ ನೆಲೆಸಿದರು. ಮನೆಯ ಹತ್ತಿರ ಗೀಜಗನ ಗೂಡುಗಳಿದ್ದವು. ತಿಂಗಳುಗಟ್ಟಲೆ ನೋಡಿದ ಮೇಲೆ ಅವರು ಕಂಡುಕೊಂಡದ್ದೇನೆಂದರೆ, ಗಂಡು ಗೀಜಗ ಗೂಡನ್ನು ಅರ್ಧ ಕಟ್ಟಿ ನಿಲ್ಲಿಸುತ್ತದೆ. ಹೆಣ್ಣು ಬಂದು ಪರೀಕ್ಷಿಸಿ ಒಪ್ಪಿದರೆ ಪೂರೈಸುತ್ತದೆ. ಅದು ಮೊಟ್ಟೆಯಿಟ್ಟ ಮೇಲೆ ಗಂಡು ಬೇರೊಂದು ಗೂಡಿಗೂ ಬೇರೊಂದು ಹೆಣ್ಣಿಗೂ ಹೊರಡುತ್ತದೆ. ನಿರುದ್ಯೋಗದ ದಿನಗಳೇ ಅವರಿಗೆ ಕೀರ್ತಿಯನ್ನು ತಂದವು.

ಇದೇ ಕಾಲದಲ್ಲಿ ಹ್ಯೂ ವ್ಹಿಸ್ಲರ್ ಎಂಬ ಪ್ರಸಿದ್ಧ ಆಂಗ್ಲ ವಿದ್ವಾಂಸರ ಬರಹದಲ್ಲಿ ಅವರು ತಪ್ಪು ಹಿಡಿದರು. ಭೀಮರಾಜ ಪಕ್ಷಿಯ ಬಾಲದ ಉದ್ದ ಗರಿಯ ಕಡ್ಡಿಯಲ್ಲಿ ತಿರುಚು ಇದೆ. ಅದನ್ನು ಗಮನಿಸದೆ ಹಿಂದಿನವರು ಒಳಪಕ್ಕವನ್ನೂ ಹೊರಪಕ್ಕವನ್ನೂ ಅದಲುಬದಲಾಗಿ ಬರೆದುಕೊಂಡು ಬಂದಿದ್ದರು. ಹೆಸರೇ ಕೇಳದ ಭಾರತೀಯನೊಬ್ಬ ತಿದ್ದುವುದೇ ಎಂದು ವ್ಹಿಸ್ಲರ್ ಮೊದಲು ಸಿಟ್ಟಾದರು. ಆಮೇಲೆ ತಮ್ಮಲ್ಲಿದ್ದ ಗರಿಗಳನ್ನು ಮತ್ತೆ ನೋಡಿ ತಪ್ಪನ್ನು ಒಪ್ಪಿದರು. ಆಪ್ತ ಸ್ನೇಹಿತರೂ ಆದರು. ತಪ್ಪು ಒಪ್ಪಿದ್ದರಿಂದ ದೊಡ್ಡವರು ಚಿಕ್ಕವರಾಗಲಿಲ್ಲ.

ಹೊಟ್ಟೆಪಾಡಿಗೆ ದಾರಿಯಿಲ್ಲದ ಈ ಮನುಷ್ಯ ಸಂಶೋಧನೆಗೆ ಹಣವನ್ನು ಒದಗಿಸಿಕೊಂಡ ರೀತಿ ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಬಹಳ ಮೆಚ್ಚಿಕೆಯಾಯಿತು. ಅವರು ದೇಶೀಯ ಸಂಸ್ಥಾನಗಳಿಗೆ ಒಂದು ಸಲಹೆ ಮಾಡಿದರು: ತಮಗೆ ಸಂಬಳ ಬೇಡ, ಬಿಡಾರದ ಮತ್ತು ಪ್ರಯಾಣದ ಖರ್ಚನ್ನು ಕೊಟ್ಟರೆ ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿಕೊಡುವುದಾಗಿ. ಹೈದರಾಬಾದು, ತಿರುವಾಂಕೂರು ಮೊದಲಾದ ಸಂಸ್ಥಾನಗಳಲ್ಲಿ ಕೆಲಸ ನಡೆಯಿತು. ಬೆಳಿಗ್ಗೆ ಹಕ್ಕಿಯನ್ನು ಸಂಗ್ರಹಿಸಬೇಕು. ಬಿಸಿಲಿಗೆ ಕೆಡುವ ಮುನ್ನ ಚರ್ಮ ಸುಲಿದು ಹದ ಮಾಡಬೇಕು. ದಿನಾಂಕ, ಸ್ಥಳ, ಗಂಡು ಹೆಣ್ಣು ಎಂಬುದನ್ನು ಬರೆದ ಚೀಟಿಯನ್ನು ಕಾಲಿಗೆ ಕಟ್ಟಬೇಕು. ಚೀಟಿಯಿಲ್ಲದ ಹಕ್ಕಿ ಎಷ್ಟು ಸುಂದರವಾಗಿದ್ದರೂ ಶಾಸ್ತ್ರಕ್ಕೆ ಅದು ಬರಿಯ ಗರಿಯ ಮುದ್ದೆ. ಸುಖವಾಗಿ ಬೆಳೆದಿದ್ದ ತೆಹಮಿನಾ ಕಾಡಿನ ಬಿಡಾರಗಳಲ್ಲಿ ಪತಿಯ ಜೊತೆಗಿದ್ದು ವ್ಯವಸ್ಥೆಯ ಭಾರ ಹೊತ್ತರು. ಅವರ ಬರವಣಿಗೆಯನ್ನೂ ತಿದ್ದಿದರು.

1939ರಲ್ಲಿ ಸಣ್ಣ ಶಸ್ತ್ರಚಿಕಿತ್ಸೆಯೊಂದರ ತರುವಾಯ ತೆಹಮಿನಾ ತೀರಿಕೊಂಡರು. ಆ ವರ್ಷದ ಕೊನೆಯಲ್ಲಿಯೇ ನಮ್ಮ ಮೈಸೂರು ಸಂಸ್ಥಾನದ ಸಮೀಕ್ಷೆ ಆರಂಭವಾಗಬೇಕಾಗಿತ್ತು. ಬಿಡಾರವನ್ನು ನಡೆಸಿದ ಕೈ ಇಲ್ಲ. ಸಂಜೆ ಟಿಪ್ಪಣಿಯನ್ನು ಕೇಳುವ ಕಿವಿ ಇಲ್ಲ. ಆದರೂ ಅವರು ಬಂದರು. 1940ರ ಮೊದಲ ತಿಂಗಳುಗಳವರೆಗೆ ಸಂಸ್ಥಾನದ ಕಾಡು ಬಯಲುಗಳಲ್ಲಿ ಕೆಲಸ ಮಾಡಿದರು. ಅದರ ಫಲವಾದ ಮೈಸೂರಿನ ಪಕ್ಷಿಗಳ ವರದಿ 1942–43ರಲ್ಲಿ ಸೊಸೈಟಿಯ ಪತ್ರಿಕೆಯಲ್ಲಿ ಕಂತುಗಳಾಗಿ ಪ್ರಕಟವಾಯಿತು. ಮನೆಯಲ್ಲಿ ಸಾವಾದ ವರ್ಷವೂ ಚೀಟಿ ಬರೆಯುವುದು ತಪ್ಪಲಿಲ್ಲ. ಸಾಮಾನು ತರುವ ಅವಸರವೊಂದು ನನಗೆ ಸಾಕಾಗಿತ್ತು!

1941ರಲ್ಲಿ ಅವರ ಭಾರತೀಯ ಪಕ್ಷಿಗಳ ಪುಸ್ತಕ ಹೊರಬಂದು ಸಾಮಾನ್ಯರ ಮನೆಗಳಿಗೂ ಹಕ್ಕಿಗಳನ್ನು ಪರಿಚಯಿಸಿತು. 1957ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯವು ಸೊಸೈಟಿಯನ್ನು ಸ್ನಾತಕೋತ್ತರ ಸಂಶೋಧನೆಯ ಕೇಂದ್ರವೆಂದು ಮಾನ್ಯ ಮಾಡಿತು. ಪದವಿಯಿಲ್ಲದೆ ಹುದ್ದೆ ತಪ್ಪಿದ್ದವರು ಈಗ ಪದವಿಗಾಗಿ ಬಂದವರಿಗೆ ಗುರುಗಳಾದರು. ಅದೇ 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಕಾಣಿಸಿಕೊಂಡಿತು. ಸೈಬೀರಿಯದಿಂದ ವಲಸೆ ಬರುವ ಹಕ್ಕಿಗಳು ಉಣ್ಣೆಗಳ ಮೂಲಕ ಈ ರೋಗವನ್ನು ತಂದವೇ ಎಂಬ ಶಂಕೆ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿಯವರ ತಂಡ ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು, ಉಣ್ಣೆಗಳನ್ನು ಆರಿಸಿ, ಕಾಲಿಗೆ ಅಂಕಿಯ ಉಂಗುರ ತೊಡಿಸಿ ಬಿಡುವ ಕಾರ್ಯವನ್ನು ಕೈಗೊಂಡಿತು. ಹಕ್ಕಿಗಳ ಮೇಲಿನ ಆರೋಪ ಸಿದ್ಧವಾಗಲಿಲ್ಲ. ಅವುಗಳ ಪ್ರಯಾಣದ ಬಗ್ಗೆ ಅಪಾರವಾದ ತಿಳಿವು ಮಾತ್ರ ಉಳಿಯಿತು.

ಡಿಲ್ಲನ್ ರಿಪ್ಲೆಯವರೊಡನೆ ಬರೆದ ಹತ್ತು ಸಂಪುಟಗಳ ಪಕ್ಷಿಕೋಶ 1968ರಿಂದ 1974ರವರೆಗೆ ಹೊರಬಂತು. 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ ದೊರೆತವು. ಗೆಟ್ಟಿ ಪ್ರಶಸ್ತಿಯ ಹಣ ಪ್ರಕೃತಿ ಸಂರಕ್ಷಣೆಯ ನಿಧಿಯಾಯಿತು. ನಮ್ಮ ಎರೆಭೂತವನ್ನೇ ರಾಷ್ಟ್ರಪಕ್ಷಿಯನ್ನಾಗಿ ಮಾಡಬೇಕೆಂಬುದು ಅವರ ಅಭಿಮತವಾಗಿತ್ತು. 1963ರಲ್ಲಿ ಆ ಗೌರವ ನವಿಲಿಗೆ ಸಂದಿತು.

ಇಂಥವರ ಜೀವನದಲ್ಲಿಯೂ ಒಂದು ಸಂಗತಿ ದನಗಾಹಿಗಳ ಮನೆಯ ನನ್ನನ್ನು ಕಾಡಿತು. ಭರತಪುರದ ಪಕ್ಷಿಧಾಮವನ್ನು ಉಳಿಸಲು ಅವರು ಬಹಳ ಶ್ರಮಿಸಿದ್ದರು. ಅಲ್ಲಿ ಎಮ್ಮೆದನಗಳ ಮೇವು ನಿಲ್ಲಬೇಕೆಂಬುದಕ್ಕೆ ಅವರ ಬೆಂಬಲವಿತ್ತು. ನಿಷೇಧ ಬಂದಾಗ, 1982ರಲ್ಲಿ, ಗಲಭೆಯಾಗಿ ಪೊಲೀಸರ ಗುಂಡಿಗೆ ಹಳ್ಳಿಗರು ಬಲಿಯಾದರು. ಅನಂತರ ಅವರ ಸೊಸೈಟಿಯ ಸಂಶೋಧಕರೇ ವರ್ಷಗಟ್ಟಲೆ ಅಳೆದು ನೋಡಿದಾಗ, ಎಮ್ಮೆಗಳು ಹೋದ ಮೇಲೆ ನೀರಿನಲ್ಲಿ ಹುಲ್ಲು ಕಳೆ ಬೆಳೆದು ಹಕ್ಕಿಗಳಿಗೇ ತೊಂದರೆಯಾದದ್ದು ತಿಳಿದುಬಂತು. ಗುರುವಿನ ಅಭಿಪ್ರಾಯಕ್ಕೆ ವಿರೋಧವಾದ ಲೆಕ್ಕವನ್ನು ಶಿಷ್ಯರು ಮುಚ್ಚಿಡಲಿಲ್ಲ. ಸತ್ತವರು ಅದರಿಂದ ಮರಳಲಿಲ್ಲ ನಿಜ. ಆದರೆ ಎಮ್ಮೆಗಳನ್ನು ಓಡಿಸುವ ಮೊದಲೇ ಆ ಲೆಕ್ಕ ಆಗಿದ್ದರೆ ಎಂದು ನನ್ನ ಮನಸ್ಸು ಮತ್ತೆ ಮತ್ತೆ ಹೇಳುತ್ತದೆ.

ಸಲೀಂ ಅಲಿಯವರು 1987ರಲ್ಲಿ, ತೊಂಬತ್ತು ವರ್ಷ ತುಂಬಿದ ಮೇಲೆ ಕಾಲವಾದರು.

ನಮ್ಮ ತಾಲ್ಲೂಕಿನ ಕಾವಲುಗಳಲ್ಲಿ ಸಾವಿರಾರು ಎಕರೆ ಈಗ ದೊಡ್ಡ ಸಂಸ್ಥೆಗಳ ಬೇಲಿಯೊಳಗಿದೆ. ಉಳಿದ ಬಯಲಿಗೆ ದನ ಬೇಕೆನ್ನುವವರೂ ಇದ್ದಾರೆ, ಬೇಡವೆನ್ನುವವರೂ ಇದ್ದಾರೆ. ಯಾರು ಸರಿಯೆಂದು ಹೇಳಲು ನಾನು ಶಕ್ತನಲ್ಲ. ಆದರೆ ಯಾರೇ ಹೇಳಲಿ, ಕೈಯಲ್ಲಿ ಅಂದಂದಿನ ಲೆಕ್ಕವಿಲ್ಲದಿದ್ದರೆ ಅದು ನಮ್ಮ ತಾತನ ಎರೆಭೂತದಂತೆ ಬರಿಯ ಮಾತಾಗಿ ಉಳಿಯುತ್ತದೆ. ಈ ಬೇಸಗೆಯಲ್ಲಿ ಆ ತಂಡದವರು ಮತ್ತೆ ಬರುವುದಾಗಿ ತಿಳಿಸಿದ್ದಾರೆ. ಬಿಡಾರದ ಕೆಲಸಕ್ಕೆ ಮತ್ತೆ ನನ್ನನ್ನೇ ಕರೆದಿದ್ದಾರೆ. ಅಂಗಿಯ ಜೇಬಿನಲ್ಲಿ ಹಿಡಿಯುವಂಥ ಒಂದು ಪುಟ್ಟ ಪುಸ್ತಕವನ್ನೂ, ದಾರ ಕಟ್ಟಿದ ಒಂದು ಪೆನ್ಸಿಲನ್ನೂ ಈಗಲೇ ಕೊಂಡಿಟ್ಟಿದ್ದೇನೆ.